ಮೂರನೇ ಸೀರೆ

ನಮ್ಮ ಚಿಗವ್ವ ತೀರಿಕೊಂಡಾಗ ಅವಳ ಮಗನಿಗೆ ಇನ್ನೂ ನಾಲ್ಕು ತಾಸು ತುಂಬಿರಲಿಲ್ಲ. 1986ನೇ ಇಸವಿ. ಸವದತ್ತಿ ತಾಲೂಕಿನ ಒಂದು ಹಳ್ಳಿ, ನಮ್ಮ ಅಜ್ಜನ ಮನೆ. ನನಗಾಗ ಎಂಟು ವರ್ಷ. ತನ್ನ ತಂಗಿಯ ಬಾಣಂತನಕ್ಕೆ ಅಂತ ಅವ್ವ ಹೋಗಿದ್ದಳು, ಅವಳ ಜೊತೆ ನಾನೂ ಹೋಗಿದ್ದೆ.

"ಹೆರಿಗೆಯಲ್ಲಿ ಹೋದಳು" ಅಂತ ಊರವರೆಲ್ಲ ಹೇಳಿದರು. ಈಗಲೂ ಹಾಗೇ ಹೇಳುತ್ತಾರೆ. ಆದರೆ ಹೆರಿಗೆ ಸಲೀಸಾಗೇ ಆಗಿತ್ತು. ನಸುಕಿನಲ್ಲಿ ಗಂಡು ಕೂಸು ಹುಟ್ಟಿತು, ಕೂಸು ಜೋರಾಗಿ ಅತ್ತಿತು, ಮಾಸೂ ಬಿತ್ತು. ಸೂಲಗಿತ್ತಿ ಅಜ್ಜಿ ಕೂಸಿನ ಕೆಲಸ ಮುಗಿಸಿ ಕೈ ತೊಳೆದುಕೊಂಡಳು. ಅಜ್ಜ ಓಣಿಯವರಿಗೆಲ್ಲ ಸಕ್ಕರೆ ಹಂಚಿಸಿದ. ಅವ್ವ ಎರೆಯೋ ನೀರಿಗೆ ಅಂತ ಬಚ್ಚಲ ಒಲೆ ಹಚ್ಚಿದಳು. ಮನೆ ತುಂಬ ಜನ, ಎಲ್ಲರೂ ಕೂಸಿನ ಸುತ್ತ. ಚಿಗವ್ವ ನಡುಮನೆಯ ಮೂಲೆಯಲ್ಲಿ ಮಲಗಿದ್ದಳು.

ಅವಳ ಕೆಳಗೆ ಹಳೇ ಕಾಟನ್ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಅದು ತೊಯ್ದಾಗ ತೆಗೆದು ಇನ್ನೊಂದು ಹಾಸಿದರು. ಹೆರಿಗೆ ಆದ ಮೇಲೆ ರಕ್ತ ಹೋಗೋದು ಇದ್ದದ್ದೇ, ಹೊಲಸು ಹೋದರೆ ಒಳ್ಳೇದು ಅಂತಲೇ ಎಲ್ಲರ ನಂಬಿಕೆ. "ಅಕ್ಕಾ, ಕಣ್ಣಿಗೆ ಕತ್ತಲಿ ಬರಾಕತ್ತೇತಿ" ಅಂದಳಂತೆ ಚಿಗವ್ವ. "ಹಸೀ ಮೈ, ಹಂಗ ಆಕ್ಕೇತಿ, ಸುಮ್ನ ಮಲಕ್ಕೋ" ಅಂದಳು ಅವ್ವ. ಆಮೇಲೆ ಮೂರನೇ ಸೀರೆ ಹಾಸಿದಳು. ಚಕ್ಕಡಿ ಹೂಡೋ ಹೊತ್ತಿಗೆ ಚಿಗವ್ವನ ಕೈಕಾಲು ತಣ್ಣಗಾಗಿದ್ದವು, ಚಳಿ ಚಳಿ ಅನ್ನುತ್ತಿದ್ದಳು, ಮೇಲೆ ಎರಡು ಕಂಬಳಿ ಹೊದಿಸಿದ್ದರು. ಊರ ಮುಂದಿನ ಹಳ್ಳ ದಾಟೋದರೊಳಗೆ ಮುಗಿದುಹೋಯಿತು.

ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ಈ ಮಾತು ಬಂದಾಗಲೆಲ್ಲ ಅವಳು ಹೇಳೋದು ಒಂದೇ. "ಮೂರನೇ ಸೀರಿ ಹಾಕೂಮುಂದರ ನನಗ ತಿಳೀಬೇಕಿತ್ತು."

ಇದನ್ನು ಇಷ್ಟು ವರ್ಷ ನಾನು ಬರೆದಿರಲಿಲ್ಲ. ಈಗ ಬರೆಯುತ್ತಿರೋದಕ್ಕೆ ಕಾರಣ ಇದೆ. ಬಾಣಂತಿಯರ ಸಾವಿನ ಬಗ್ಗೆ ನಾವು ಮಾತಾಡುವಾಗ ಯಾವಾಗಲೂ ಹೆರಿಗೆ ತನಕದ ಮಾತೇ ಜಾಸ್ತಿ. ಆಸ್ಪತ್ರೆಗೆ ಕರೆದುಕೊಂಡು ಹೋದರಾ, ನಾರ್ಮಲ್ಲಾ ಸಿಸೇರಿಯನ್ನಾ, ಕೂಸು ಎಷ್ಟು ಕೆಜಿ. ಕೂಸು ಹೊರಗೆ ಬಂತು ಅಂದರೆ ಕತೆ ಮುಗೀತು ಅನ್ನೋ ಹಾಗೆ ಎಲ್ಲರೂ ಉಸಿರು ಬಿಡುತ್ತೇವೆ. ಆದರೆ ಎಷ್ಟೋ ಹೆಂಗಸರು ಸಾಯೋದು ಆಮೇಲೇನೇ. ಮೊದಲ ಕೆಲವು ತಾಸು, ಮೊದಲ ದಿನ, ಮೊದಲ ವಾರ. ಎಲ್ಲರ ಕಣ್ಣು ತೊಟ್ಟಿಲ ಕಡೆ ತಿರುಗಿರುವ ಹೊತ್ತು ಅದು.

ಒಳಗೆ ಏನಾಗುತ್ತೆ ಅಂತ ಒಬ್ಬರು ಡಾಕ್ಟರ್ ನನಗೆ ಬಿಡಿಸಿ ಹೇಳಿದ್ದರು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತೆ. ಮಾಸು ಬಿದ್ದ ಕೂಡಲೇ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ಅವನ್ನು ಮುಚ್ಚೋದು ಗರ್ಭಕೋಶವೇ, ಮುಷ್ಟಿ ಬಿಗಿದ ಹಾಗೆ ತಾನೇ ಬಿಗಿದುಕೊಂಡು. ಹೆಚ್ಚಿನವರಿಗೆ ಸರಿಯಾಗೇ ಬಿಗಿಯುತ್ತೆ. ಕೆಲವರಿಗೆ ಬಿಗಿಯೋದಿಲ್ಲ, ಸಡಿಲವಾಗಿ ಉಳಿದುಬಿಡುತ್ತೆ. ಯಾರಿಗೆ ಹಾಗಾಗುತ್ತೆ ಅಂತ ಮೊದಲೇ ಹೇಳೋಕೆ ಬಹಳ ಸಲ ಆಗೋದೇ ಇಲ್ಲ. ಹಾಗಾದಾಗ ಎರಡು ತಾಸಿನಲ್ಲಿ ಜೀವ ಹೋಗಬಹುದು.

ಅರ್ಧ ಲೀಟರ್ ದಾಟಿತು ಅಂದರೆ ಎಚ್ಚರ ಅಂತ ಒಂದು ಲೆಕ್ಕ ಇದೆ. ಅಂದರೆ ಒಂದು ಹಾಲಿನ ಪ್ಯಾಕೆಟ್. ಅದನ್ನು ನೆಲದ ಮೇಲೆ ಚೆಲ್ಲಿದರೆ ಯಾರಿಗಾದರೂ ಗೊತ್ತಾಗುತ್ತೆ. ಹಳೇ ಸೀರೆ ಕುಡಿದುಬಿಟ್ಟರೆ? ಕತ್ತಲಿನ ನಡುಮನೆ, ಚಿಮಣಿ ಬೆಳಕು, ಬಣ್ಣದ ಸೀರೆ. ಅವ್ವನಿಗೆ ಏನು ಕಾಣಬೇಕಿತ್ತು?

ಅಲ್ಲಿ ಅಳತೆಯೇ ಇರಲಿಲ್ಲ. ಅಳತೆ ಕಂಡುಹಿಡಿದ ಕತೆಯಲ್ಲಿ ನಮ್ಮ ಜಿಲ್ಲೆಯ ಹೆಸರೂ ಇದೆ ಅಂತ ಗೊತ್ತಾದಾಗ ನಾನು ಒಂದು ದಿನ ಪೂರ್ತಿ ಬೇರೆ ಏನೂ ಯೋಚಿಸಲಾಗದೆ ಕೂತಿದ್ದೆ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಸಂಶೋಧನೆ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾಕ್ಟರ್‌ಗಳು ಅಮೆರಿಕದವರ ಜೊತೆ ಸೇರಿ ಮಾಡಿದ್ದು. 1,620 ಹೆಂಗಸರು ಅದರಲ್ಲಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ನಡೆದದ್ದಲ್ಲ ಇದು. ಮನೆಯಲ್ಲೋ, ಊರಿನ ಉಪಕೇಂದ್ರದಲ್ಲೋ, ಎಎನ್‌ಎಂ ಸಿಸ್ಟರ್, ಅಂದರೆ ಹಳ್ಳಿಯ ನರ್ಸ್, ಒಬ್ಬಳೇ ಮಾಡಿಸುವ ಹೆರಿಗೆಗಳು. ಕೂಸು ಹುಟ್ಟಿದ ಕೂಡಲೇ ಅರ್ಧದಷ್ಟು ಜನರಿಗೆ ಗರ್ಭಕೋಶ ಬಿಗಿಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡೋಕೆ ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ. ಗರ್ಭಕೋಶ ಬಿಗಿಯೋಕೆ ಎಲ್ಲಕ್ಕಿಂತ ಒಳ್ಳೇದು ಆಕ್ಸಿಟೋಸಿನ್ ಇಂಜೆಕ್ಷನ್. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚೋಕೆ ಕೈ ಬೇಕು. ಕರೆಂಟೇ ನೆಟ್ಟಗೆ ಇರದ ಊರಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಮಾತ್ರೆಗೆ ಅದ್ಯಾವುದೂ ಬೇಡ. ಬಾಯಿಗೆ ಹಾಕಿ ನೀರು ಕುಡಿಸಿದರೆ ಆಯಿತು.

ಜಾಸ್ತಿ ರಕ್ತ ಹೋದವರು ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 12 ಇದ್ದರೆ, ಔಷಧಿಯ ಮಾತ್ರೆ ನುಂಗಿದವರಲ್ಲಿ 6.4. ಅಪಾಯದ ಮಟ್ಟಕ್ಕೆ ಹೋದದ್ದು 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯೋಕೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಖಾಲಿ ಮಾತ್ರೆ ನುಂಗಿದ ಆ ನೂರಾರು ಹೆಂಗಸರನ್ನೂ ನೆನೆಯಬೇಕು ಅನಿಸುತ್ತೆ ನನಗೆ. ಅವರು ಇಲ್ಲದೆ ಈ ಲೆಕ್ಕ ಸಿಗುತ್ತಿರಲಿಲ್ಲ.

ನನ್ನನ್ನು ಮಾತ್ರೆಗಿಂತ ಹೆಚ್ಚು ಕಾಡಿದ್ದು ಇನ್ನೊಂದು. ರಕ್ತ ಎಷ್ಟು ಹೋಯಿತು ಅಂತ ಅಳೆಯೋಕೆ ಅವರು ಒಂದು ಪ್ಲಾಸ್ಟಿಕ್ ಹಾಳೆ ಬಳಸಿದರು. ಹೆಂಗಸಿನ ಕೆಳಗೆ ಹಾಸೋದು. ಅದರ ತುದಿ ಕೊಳವೆ ಹಾಗೆ ಕಿರಿದಾಗುತ್ತಾ ಚೀಲವಾಗಿ ಇಳಿಬಿಟ್ಟಿರುತ್ತೆ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ತಾನೇ ಇಳಿದು ಅಲ್ಲಿ ಸೇರುತ್ತೆ. ಓದು ಬರದವರಿಗೂ ಗೆರೆ ದಾಟಿದ್ದು ಕಾಣುತ್ತೆ. ಅಷ್ಟೇ. ಒಂದು ಪ್ಲಾಸ್ಟಿಕ್ ಹಾಳೆ.

ಅದೇ ತರಹದ ಹಾಳೆ ಆಮೇಲೆ ಆಫ್ರಿಕಾ ತನಕ ಹೋಯಿತು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ. ನಾಲ್ಕು ದೇಶದ 80 ಆಸ್ಪತ್ರೆ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆ. 2023ರಲ್ಲಿ ಅದರ ಫಲಿತಾಂಶ ಬಂತು. ಹಾಳೆ ಹಾಸಿ ಅಳೆದು, ಗೆರೆ ದಾಟಿದ ಕೂಡಲೇ ಒಂದಾದ ಮೇಲೆ ಒಂದು ಅಂತ ಕಾಯದೆ, ಹೊಟ್ಟೆ ತಿಕ್ಕೋದು, ಗರ್ಭಕೋಶ ಬಿಗಿಯುವ ಔಷಧಿ, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ಎಲ್ಲಿಂದ ಹರಿಯುತ್ತಿದೆ ಅಂತ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯೋದು, ಸಾವು, ಈ ಮೂರೂ ಸೇರಿ ನೂರಕ್ಕೆ 60ರಷ್ಟು ಕಡಿಮೆಯಾದವು. ಅದರಲ್ಲೇ ಇನ್ನೊಂದು ಅಂಕಿ ಇದೆ. ಹಾಳೆ ಇಲ್ಲದೆ ಕಣ್ಣಂದಾಜಿನಲ್ಲಿ ನಡೆಯುತ್ತಿದ್ದ ಆಸ್ಪತ್ರೆಗಳಲ್ಲಿ ಇಂಥ ರಕ್ತಸ್ರಾವದ ಅರ್ಧದಷ್ಟು ಮಾತ್ರ ಸಿಬ್ಬಂದಿಗೆ ಗೊತ್ತಾಗುತ್ತಿತ್ತು. ಹಾಳೆ ಇದ್ದಲ್ಲಿ ನೂರಕ್ಕೆ 93.

ಇದನ್ನು ಅವ್ವನಿಗೆ ಓದಿ ಹೇಳಿದೆ. ಕಲಿತ ನರ್ಸ್‌ಗಳಿಗೆ, ಡಾಕ್ಟರ್‌ಗಳಿಗೇ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲವಂತೆ ಅವ್ವಾ, ಅಂದೆ. ಅವ್ವ ಶೇಂಗಾ ಸುಲಿಯುತ್ತಾ ಕೂತಿದ್ದಳು. ಕೈ ನಿಂತಿತು. "ಅಷ್ಟ ಕಲತವರಿಗೂ?" ಅಂದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಸೂಲಗಿತ್ತಿಯರನ್ನು ಬೈಯೋದು ಸುಲಭ. ನಾನು ಬೈಯೋದಿಲ್ಲ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ ಒಂದು ಪೈಸೆ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥ ಕೈಗಳೇ ನಮ್ಮ ಹಳ್ಳಿಗಳನ್ನು ನೂರಾರು ವರ್ಷ ನಡೆಸಿಕೊಂಡು ಬಂದಿವೆ. ಚಿಗವ್ವನ ಹೆರಿಗೆ ಮಾಡಿಸಿದ ಅಜ್ಜಿಯ ಹತ್ತಿರ ಬ್ಲೇಡು, ದಾರ, ಹರಳೆಣ್ಣೆ ಇತ್ತು. ಮಾತ್ರೆ ಇರಲಿಲ್ಲ, ಇಂಜೆಕ್ಷನ್ ಇರಲಿಲ್ಲ, ಕರೆದರೆ ಬರುವ ಗಾಡಿ ಇರಲಿಲ್ಲ. ಕೊಡಬೇಕಾದವರು ಕೊಟ್ಟಿರಲಿಲ್ಲ.

ಈಗ ಕಾಲ ಬಹಳ ಬದಲಾಗಿದೆ, ಅದನ್ನೂ ಹೇಳಬೇಕು. 2001ರಿಂದ 2003ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಕೂಸು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಲೆಕ್ಕದಲ್ಲಿ ಅದು 69. ಸಣ್ಣ ಮಾತಲ್ಲ ಇದು. ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ಗಾಡಿ ಬಂತು, ತಾಯಿ ಕಾರ್ಡ್ ಬಂತು. ಈಗ ನಮ್ಮ ರಾಜ್ಯದಲ್ಲಿ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ಆದರೆ ಅದೇ 2018ರಿಂದ 2020ರಲ್ಲಿ ಪಕ್ಕದ ಕೇರಳದ ಲೆಕ್ಕ 19. ಹೆಚ್ಚುಕಡಿಮೆ ಎಲ್ಲರೂ ಆಸ್ಪತ್ರೆಗೇ ಹೋಗುತ್ತಿದ್ದಾರೆ ಅಂದ ಮೇಲೆ, ಉಳಿದವರು ಎಲ್ಲಿ ಸಾಯುತ್ತಿದ್ದಾರೆ?

ಆಸ್ಪತ್ರೆಯಲ್ಲಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ರಾಜ್ಯವೇ ಬೆಚ್ಚಿತು. ಅವರಿಗೆ ಹಾಕಿದ ಸಲೈನ್ ಮೇಲೆ ಅನುಮಾನ ಬಂತು, ಅದರ ಬಳಕೆ ನಿಲ್ಲಿಸಿದರು. ಆಮೇಲೆ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಆದ 464 ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸಿತು. ನೂರಕ್ಕೆ 70ಕ್ಕೂ ಹೆಚ್ಚು ಸಾವು ತಪ್ಪಿಸಬಹುದಾಗಿತ್ತು ಅಂತ ಬಂತು. ತಪ್ಪಿಸಬಹುದಾಗಿತ್ತು. ಈ ಪದ ಅವ್ವನ ಮಾತಿನ ಹಾಗೇ ಇದೆ, ಅಲ್ವಾ? ತಿಳೀಬೇಕಿತ್ತು.

ನನ್ನ ತಂಗಿಯ ಮಗಳ ಹೆರಿಗೆ ಹೇಳುತ್ತೇನೆ. 2023ರ ಶ್ರಾವಣ. ಅವಳಿಗೆ ಇಪ್ಪತ್ತೆರಡು ವರ್ಷ, ಕೊಟ್ಟದ್ದು ಗೋಕಾಕ ಕಡೆ. ಅಲ್ಲಿಯ ಆಶಾ ಅಕ್ಕ ಮೂರನೇ ತಿಂಗಳಲ್ಲೇ ಹೆಸರು ಬರೆದುಕೊಂಡಿದ್ದಳು, ತಾಯಿ ಕಾರ್ಡ್ ಮಾಡಿಸಿದ್ದಳು, ಹಿಮೋಗ್ಲೋಬಿನ್ 8 ಚಿಲ್ಲರೆ ಅಂತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಬಸುರಿಯರಿಗೆ 11 ಆದರೂ ಇರಬೇಕು. ನಮ್ಮ ರಾಜ್ಯದಲ್ಲಿ ನೂರು ಬಸುರಿಯರಲ್ಲಿ 45 ಮಂದಿಗೆ ಅಷ್ಟು ಇಲ್ಲ. 2015ರ ಸಮೀಕ್ಷೆಯಲ್ಲೂ ಇಷ್ಟೇ ಇತ್ತು, 2019ರಲ್ಲಿ ಶುರುವಾದ ಸಮೀಕ್ಷೆಯಲ್ಲೂ ಇಷ್ಟೇ. ಇದೊಂದು ಮಾತ್ರ ಕದಲುತ್ತಲೇ ಇಲ್ಲ. ಮೊದಲೇ ರಕ್ತ ಕಡಿಮೆ ಇರೋಳಿಗೆ ಅರ್ಧ ಲೀಟರ್ ಹೋದರೆ, ಮೈತುಂಬ ರಕ್ತ ಇರೋಳಿಗೆ ಅದಕ್ಕಿಂತ ಬಹಳ ಜಾಸ್ತಿ ಹೋದಷ್ಟು ಕಷ್ಟ ಆಗಬಹುದು.

ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಅದು ಕಪಾಟಿನಲ್ಲಿತ್ತು. ಅತ್ತೆ ಬೇಡ ಅಂದಿದ್ದರಂತೆ, ಕೂಸು ಕಪ್ಪಗಾಗುತ್ತೆ, ದಪ್ಪಗಾಗಿ ಹೆರಿಗೆ ಕಷ್ಟ ಆಗುತ್ತೆ ಅಂತ. ನುಂಗಿದರೆ ವಾಂತಿ ಬರುತ್ತೆ, ಮಲ ಕಪ್ಪಗೆ ಹೋಗುತ್ತೆ, ಅದನ್ನು ನೋಡಿ ಅವಳಿಗೂ ಹೆದರಿಕೆ. ನುಂಗಿದ ದಿನವೂ ಜೊತೆಗೆ ಚಹಾ. ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತೋದಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಇವೆಲ್ಲ ಕೂತು ಹತ್ತು ನಿಮಿಷ ಮಾತಾಡಿದರೆ ಬಗೆಹರಿಯೋ ಸಂಗತಿಗಳು. ಆ ಹತ್ತು ನಿಮಿಷ ಯಾರಿಗಿದೆ ಅನ್ನೋದೇ ಪ್ರಶ್ನೆ. ಆಶಾ ಅಕ್ಕನ ಕೈಯಲ್ಲಿ ಸಾವಿರ ಜನರ ಊರು, ಪೋಲಿಯೊ ಅವಳೇ, ಕುಷ್ಠರೋಗದ ಸರ್ವೆ ಅವಳೇ, ಮೊಬೈಲಿಗೆ ತುಂಬಿಸೋ ಲೆಕ್ಕವೂ ಅವಳದೇ. ಸಂಬಳ ಅಂತ ಇಲ್ಲ, ಗೌರವಧನ, ಅದಕ್ಕೂ ಅವರು ಬೆಂಗಳೂರಿಗೆ ಹೋಗಿ ಚಳಿಯಲ್ಲಿ ಕೂರಬೇಕು. ನಮ್ಮ ಹೆಣ್ಣುಮಕ್ಕಳ ಜೀವ ಉಳಿಸೋದು ಇವರು ಅನ್ನೋದು ನಿಜ ಅಂತಾದರೆ, ಇವರನ್ನು ಹೀಗೆ ನಡೆಸಿಕೊಳ್ಳೋದು ತಪ್ಪು. ದೊಡ್ಡ ತಪ್ಪು.

ಏಳನೇ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕರೆತಂದರು. ಇದು ನಮ್ಮ ಕಡೆಯ ಪದ್ಧತಿ, ಒಳ್ಳೆಯ ಪದ್ಧತಿಯೇ, ಹೆತ್ತ ತಾಯಿಯ ಹತ್ತಿರ ಇದ್ದರೆ ಹುಡುಗಿಗೂ ಧೈರ್ಯ. ಆದರೆ ಅದರಲ್ಲಿ ಒಂದು ಸಂದು ಇದೆ, ಅದನ್ನು ನಾವ್ಯಾರೂ ಗಮನಿಸೋದಿಲ್ಲ. ಗಂಡನ ಊರಿನ ಆಶಾ ಅಕ್ಕನಿಗೆ ಇವಳ ರಕ್ತ ಕಡಿಮೆ ಅಂತ ಗೊತ್ತು, ಇವಳು ಹೋದದ್ದು ಎಲ್ಲಿಗೆ ಅಂತ ಗೊತ್ತಿಲ್ಲ. ತವರೂರಿನ ಆಶಾ ಅಕ್ಕನಿಗೆ ಇವಳು ಬಂದದ್ದೇ ಗೊತ್ತಿಲ್ಲ. ಬಿಪಿ ಏರೋದು ಕೊನೇ ಎರಡು ತಿಂಗಳಲ್ಲೇ ಜಾಸ್ತಿ, ಸರಿಯಾಗಿ ಆ ಹೊತ್ತಿಗೇ ಹುಡುಗಿ ಎರಡು ಊರಿನ ರಿಜಿಸ್ಟರ್ ನಡುವೆ ಕಳೆದುಹೋಗಿರುತ್ತಾಳೆ. ನಮ್ಮ ಹುಡುಗಿಯ ತಾಯಿ ಕಾರ್ಡ್ ಅಂತೂ ಗೋಕಾಕದ ಟ್ರಂಕಿನಲ್ಲೇ ಉಳಿದಿತ್ತು. ಕುಬಸದ ಸೀರೆ, ಬಳೆ, ಐದು ತರಹದ ಉಂಡಿ, ಎಲ್ಲ ಬಂದಿತ್ತು. ಕಾರ್ಡ್ ಬಂದಿರಲಿಲ್ಲ. ಕುಬಸದ ತಟ್ಟೆಯಲ್ಲಿ ಮೊದಲು ಆ ಕಾರ್ಡ್ ಇಡಬೇಕು ಅಂತ ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಒಂಬತ್ತರಲ್ಲಿ ಕಾಲು ಬಾತುಕೊಂಡವು. ಬಸುರಿ ಕಾಲು ಬಾಯೋದೇ ಅಂತ ಓಣಿಯ ಹಿರಿಯರು ಅಂದರು. ಹೌದು, ಬಹಳ ಜನರಿಗೆ ಬಾಯುತ್ತೆ, ಏನೂ ಆಗೋದಿಲ್ಲ. ಆದರೆ ಮುಖವೂ ಬಾತು, ತಲೆನೋವು ಬಂದು, ಕಣ್ಣು ಮಂಜಾದರೆ ಕಾಯಬಾರದು. ಒಂದು ಭಾನುವಾರ ರಾತ್ರಿ ಇವಳಿಗೆ ತಲೆನೋವು ಶುರುವಾಯಿತು. 108 ಅರ್ಧ ತಾಸಿನಲ್ಲಿ ಬಂತು, ಆ ಹುಡುಗರಿಗೆ ಕೈಮುಗಿಯಬೇಕು. ಮೊದಲು ಹೋದ ಆಸ್ಪತ್ರೆಯಲ್ಲಿ ಬಿಪಿ ನೋಡಿದರು, 160 ದಾಟಿತ್ತು. ಅರಿವಳಿಕೆ ಡಾಕ್ಟರ್ ಇವತ್ತು ಇಲ್ಲ, ರಕ್ತ ಇಲ್ಲ, ಮುಂದೆ ಹೋಗಿ ಅಂದರು. ಯಾವ ಆಸ್ಪತ್ರೆ, ಅಲ್ಲಿ ಬೆಡ್ ಇದೆಯಾ, ಫೋನ್ ಮಾಡಿದ್ದೀರಾ? ಒಂದಕ್ಕೂ ಉತ್ತರ ಇಲ್ಲ. ಒಂದು ಚೀಟಿಯನ್ನೂ ಬರೆದು ಕೊಡಲಿಲ್ಲ. ಎರಡನೇ ಆಸ್ಪತ್ರೆಯಲ್ಲಿ ಎಲ್ಲ ಮೊದಲಿನಿಂದ ಕೇಳಿದರು. ಕಾರ್ಡ್ ಎಲ್ಲಿ ಅಂದರು. ಒಂದೂವರೆ ತಾಸು ಅಲ್ಲಿಗೆ ಹೋಯಿತು. ಮನೆಯಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆಯಲ್ಲಿ ತಡ ಅಂತ ಮೂರು ತಡಗಳ ಲೆಕ್ಕ ಹೇಳುತ್ತಾರೆ ಇದನ್ನು ಓದಿದವರು. ಮೊದಲೆರಡನ್ನು ನಾವು ಹೇಗೋ ಕಡಿಮೆ ಮಾಡಿಕೊಂಡಿದ್ದೇವೆ. ಮೂರನೇದು ಹಾಗೇ ಇದೆ.

ಆದರೆ ಆ ಎರಡನೇ ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ಇದ್ದಳು. ಕೇಳೋದನ್ನೆಲ್ಲ ಕೇಳಿ ಮುಗಿಯುವ ಮೊದಲೇ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ತಯಾರು ಮಾಡಿಟ್ಟಿದ್ದಳು, ಫಿಟ್ಸ್ ಬರದ ಹಾಗೆ ತಡೆಯೋದು ಅದು. ಹಳೇ ಔಷಧಿ, ಕಡಿಮೆ ಬೆಲೆ, ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಳಿಸುತ್ತೆ. ಬೆಳಗಿನ ಜಾವ ನಾರ್ಮಲ್ ಹೆರಿಗೆ ಆಯಿತು. ಬಾಗಿಲು ತೆರೆದ ಕೂಡಲೇ ನಮ್ಮವರೆಲ್ಲ ಮುಂದೆ ನುಗ್ಗಿದರು. "ಏನ ಹುಟ್ಟೇತ್ರಿ ಸಿಸ್ಟರ್?"

"ಹೆಣ್ಣ ಕೂಸರಿ."

ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು ಕೈಯಿಂದ ಕೈಗೆ ಹೋಯಿತು. ಮೊಬೈಲ್‌ಗಳು ಹೊರಬಂದವು. ಮೂಗು ಯಾರ ಹಾಗಿದೆ ಅಂತ ಮಾತು. ಅಷ್ಟು ಜನರಲ್ಲಿ ಹುಡುಗಿ ಹೇಗಿದ್ದಾಳೆ ಅಂತ ನಾನೂ ಕೇಳಿರಲಿಲ್ಲ. ಚಿಗವ್ವನ ಕತೆ ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡ ನಾನೂ.

ಒಳಗೆ ಬಿಟ್ಟದ್ದು ಇಬ್ಬರನ್ನು. ನಾನು ಹೋಗುವಷ್ಟರಲ್ಲಿ ಅವ್ವ ಅಲ್ಲಿದ್ದಳು, ಮೊಮ್ಮಗಳ ಕಾಲಬುಡದಲ್ಲಿ ಸ್ಟೂಲ್ ಎಳೆದುಕೊಂಡು ಕೂತಿದ್ದಳು. ಸಿಸ್ಟರ್ ಕಾಲು ತಾಸಿಗೊಮ್ಮೆ ಬಂದು ಹುಡುಗಿಯ ಹೊಕ್ಕುಳ ಕೆಳಗೆ ಅಂಗೈ ಒತ್ತಿ ನೋಡುತ್ತಿದ್ದಳು. ಅವ್ವ ಕೇಳಿದಳು, ಏನ ನೋಡ್ತೀ ತಂಗಿ ಅಂತ. ಸಿಸ್ಟರ್ ಅವ್ವನ ಕೈ ಹಿಡಿದು ಅದೇ ಜಾಗಕ್ಕೆ ಇಟ್ಟಳು. "ಇಲ್ಲಿ ಒತ್ತರಿ ಅಜ್ಜಿ. ಕಲ್ಲಿನಂಗ ಗಟ್ಟಿ ಹತ್ತತೈತಿಲ್ರಿ? ಹಿಂಗ ಇರಬೇಕು. ಮೆತ್ತಗಾತು ಅಂದ್ರ ನನ್ನ ಕರೀರಿ." ಆಮೇಲೆ ಚಾದರ ಎತ್ತಿ ಪ್ಯಾಡ್ ನೋಡಿದಳು, ಬದಲಾಯಿಸಿದಳು, ನಾಡಿ ಹಿಡಿದಳು, ಹಾಳೆಯಲ್ಲಿ ಟೈಮ್ ಬರೆದಳು, ಪಕ್ಕದ ಬೆಡ್ಡಿಗೆ ಹೋದಳು. ಹದಿನಾಲ್ಕು ಬೆಡ್ ಇದ್ದವು ಅಲ್ಲಿ. ಅವಳೊಬ್ಬಳೇ.

ಅವ್ವ ಆ ಕೈ ತೆಗೆಯಲೇ ಇಲ್ಲ.

ಹೊರಗಿಂದ ತಂಗಿ ಎರಡು ಸಲ ಬಂದು ಕರೆದಳು. ಕೂಸಿನ ಮುಖ ನೋಡು ಬಾ ಅವ್ವಾ, ಎಲ್ಲರೂ ನೋಡಿದರು, ನೀನೊಬ್ಬಳೇ ನೋಡಿಲ್ಲ ಅಂದಳು. ಅವ್ವ ತಿರುಗಲಿಲ್ಲ. ಸಿಸ್ಟರ್ ಮತ್ತೆ ಬಂದು ಪ್ಯಾಡ್ ಬದಲಾಯಿಸಿದಾಗ ಅವ್ವನ ಬೆರಳು ಮಡಚಿದ್ದು ನನಗೆ ಕಂಡಿತು. ಎರಡು.

"ಕೂಸು ಎಲ್ಲೂ ಹೋಗಂಗಿಲ್ಲ" ಅಂದಳು. "ಮದ್ಲ ಇಕಿನ್ನ ನೋಡೂಣು."